ವಾಷಿಂಗ್ ಮೆಷಿನ್ ನೀರು, ಹಳದಿ ಬಸಳೆ: ದಯವಿಟ್ಟು ಸುಣ್ಣ ಹಾಕಬೇಡಿ

ವಿದ್ಯಾನಗರದ ಅಕ್ಕಾ, ನಿಮ್ಮ ಫೋಟೋ ನೋಡಿ ಸುಮ್ನೆ ಇರಲು ಆಗಲಿಲ್ಲ. ವಾಷಿಂಗ್ ಮೆಷಿನಿನ ಪೈಪನ್ನು ತಾರಸಿಯ ಗ್ರೋಬ್ಯಾಗಿಗೆ ಬಿಟ್ಟಿದ್ದೀರಿ. ಬಸಳೆಯ ಎಳೆ ಎಲೆ ಹಳದಿ, ನರ ಮಾತ್ರ ಹಸಿರು. ಸುಣ್ಣ ಹಾಕಲಾ ಎಂದು ಕೇಳಿದ್ದೀರಿ. ಮೂರು ಜನ ಹಾಕಿ ಅಂದಿದ್ದಾರೆ. ಹಾಕಬೇಡಿ.

ನಾನೂ ಇದನ್ನೇ ಮಾಡಿದವನು. ಮಾರ್ಚಿನಲ್ಲಿ ಬಾವಿಯ ತಳ ಕಂಡಿತ್ತು. ಇಷ್ಟು ನೀರು ಚರಂಡಿ ಪಾಲಾಗುತ್ತದಲ್ಲ ಎಂದು ಸಂಕಟವಾಗಿ 14 ಬ್ಯಾಗಿಗೆ ಬಿಟ್ಟೆ. ಎರಡು ವಾರ ಚೆನ್ನಾಗಿತ್ತು. ಆಮೇಲೆ ಮಣ್ಣಿನ ಮೇಲೆ ಬಿಳಿ ಪದರ ಕಟ್ಟಿತು, ಹಾಕಿದ ನೀರು ಇಳಿಯದೆ ಮೇಲೆಯೇ ನಿಂತಿತು, ಎಲೆಯ ಅಂಚು ಕರಟಿತು. ನಮ್ಮ ಮುರಕಲ್ಲಿನ ಮಣ್ಣು ಹುಳಿ, ಹಾಗಾಗಿ ಏನಾದರೂ ಸುಣ್ಣವೇ ಮದ್ದು ಎನ್ನುವುದು ನಮಗೆಲ್ಲ ರೂಢಿ. ಒಂದೊಂದು ಮುಷ್ಟಿ ಹಾಕಿದೆ. ಹತ್ತು ದಿನದಲ್ಲಿ ಬಸಳೆ, ಅಲಸಂಡೆ ಎರಡೂ ಹೋದವು. ಬಟ್ಟೆ ಪುಡಿಯಲ್ಲಿ ತುಂಬಿರುವುದು ವಾಷಿಂಗ್ ಸೋಡಾದಂಥ ಸೋಡಿಯಂ ಲವಣ. ಅದು ಆಗಲೇ ಮಣ್ಣನ್ನು ಕ್ಷಾರ ಮಾಡಿರುತ್ತದೆ. ಕ್ಷಾರವಾದರೆ ಗಿಡಕ್ಕೆ ಕಬ್ಬಿಣ ಸಿಗುವುದಿಲ್ಲ, ಹಳದಿ ಬಂದದ್ದು ಅದಕ್ಕೇ. ಸುಣ್ಣ ಬಿದ್ದರೆ ಕ್ಷಾರ ಇನ್ನೂ ಜಾಸ್ತಿ.

ಈಗ ಬ್ಯಾಗಿನ ತೂತು ಬಿಡಿಸಿ. ಸ್ವಲ್ಪ ಜಿಪ್ಸಂ (ಇದು ಸುಣ್ಣವಲ್ಲ, ಕ್ಷಾರ ಏರಿಸದೆ ಮಣ್ಣಿನ ಸೋಡಿಯಂ ಬಿಡಿಸುವ ಪುಡಿ) ಉದುರಿಸಿ, ತಳದಿಂದ ಧಾರಾಳ ಹರಿಯುವಷ್ಟು ಬರೀ ನೀರು ಎರಡು ಮೂರು ಸಲ ಹಾಕಿ. ಡಬ್ಬಿಯ ಮೇಲೆ ಹಸಿರು ಎಲೆಯ ಚಿತ್ರ ಇದೆ ಎಂದು ಯಾವ ಸಾಬೂನನ್ನೂ ನಂಬಬೇಡಿ, ಹಿಂದೆ ಬರೆದದ್ದು ಓದಿ. ಪುಡಿಗಿಂತ ದ್ರವ ಸಾಬೂನು ಎಷ್ಟೋ ವಾಸಿ. ಆ ನೀರೂ ನೆಲದ ಬಾಳೆಗೆ, ಕೆಸುವಿಗೆ ಮಾತ್ರ. ಅಲ್ಲಿನ ಉಪ್ಪನ್ನು ಮಳೆಗಾಲ ತೊಳೆದುಬಿಡುತ್ತದೆ. ಬೇಸಿಗೆಯಲ್ಲಿ ಬ್ಯಾಗಿನ ಉಪ್ಪು ಎಲ್ಲಿಗೆ ಹೋಗಬೇಕು? ಹಿಡಿದಿಟ್ಟ ಬಚ್ಚಲ ನೀರನ್ನು ಒಂದು ದಿನಕ್ಕಿಂತ ಜಾಸ್ತಿ ಇಡಬೇಡಿ, ನಾರುತ್ತದೆ.

ಗೊಬ್ಬರ ಬೇಕೆಂದರೆ ಸಾಬೂನು ನೀರಲ್ಲಿ ಹುಡುಕಿ ಪ್ರಯೋಜನ ಇಲ್ಲ. ನಮ್ಮ ದೇಹದಿಂದ ಹೊರಹೋಗುವ ಸಾರಜನಕದ ಶೇಕಡಾ 80ರಷ್ಟು, ರಂಜಕದ ಅರ್ಧಕ್ಕಿಂತ ಜಾಸ್ತಿ ಮೂತ್ರದಲ್ಲೇ ಇದೆ. ಮುಖ ಸಿಂಡರಿಸಬೇಡಿ, ಗಂಜಲ ಹಾಕುವುದಿಲ್ವಾ? ನಾನು ಬಿಗಿ ಮುಚ್ಚಳದ ಕ್ಯಾನಿನಲ್ಲಿ ತಿಂಗಳು ಇಡುತ್ತೇನೆ. ತೆರೆದಿಟ್ಟರೆ ಸಾರಜನಕ ಅಮೋನಿಯವಾಗಿ ಹಾರಿಹೋಗುತ್ತದೆ, ವಾಸನೆಗೆ ನೆರೆಯವರ ಹತ್ತಿರ ಬೈಗುಳವೂ ಸಿಗುತ್ತದೆ. ಒಂದು ಪಾಲಿಗೆ ಹತ್ತು ಪಾಲು ನೀರು, ವಾರಕ್ಕೊಮ್ಮೆ, ಬ್ಯಾಗಿಗೆ ಒಂದು ಲೀಟರ್. ಎಲೆಗೆ ತಾಗಿಸದೆ ಬುಡಕ್ಕೆ ಹಾಕಿ, ಮೇಲೆ ಮಣ್ಣು ಎಳೆಯಿರಿ. ಇದರಲ್ಲೂ ಉಪ್ಪಿದೆ, ಆದ್ದರಿಂದ ನಡುವೆ ಬರೀ ನೀರೇ ಹೋಗಬೇಕು. ಹಸಿ ತಿನ್ನುವ ಸೌತೆ, ಟೊಮೆಟೊಗೆ ಕೊಯ್ಲಿಗೆ ಒಂದು ತಿಂಗಳು ಮೊದಲೇ ನಿಲ್ಲಿಸಿ. ಮನೆಯಲ್ಲಿ ಆಂಟಿಬಯೋಟಿಕ್ ತೆಗೆದುಕೊಳ್ಳುತ್ತಿರುವವರದ್ದು ಬೇಡ. ಮಳೆಗಾಲದಲ್ಲಿ ಪೂರ್ತಿ ನಿಲ್ಲಿಸಿ, ಅದು ಕೊಚ್ಚಿಕೊಂಡು ಹೋಗಿ ಯಾರದೋ ಬಾವಿಗೆ ಇಳಿಯುತ್ತದೆ.

ಬೆಂಡೆ ಬರೀ ಎಲೆ ಬಿಟ್ಟು ಕಾಯಿ ಹಿಡಿಯದಿದ್ದರೆ ಸಾರಜನಕ ಜಾಸ್ತಿ ಆಯಿತೆಂದು ಲೆಕ್ಕ. ಕಟ್ಟಿಗೆ ಬೂದಿ ಒಂದು ಚಮಚ ಕೊಡಿ, ಆದರೆ ಮೂತ್ರ ಹಾಕಿದ ದಿನ ಬೇಡ, ಬೂದಿ ತಾಗಿದರೆ ಅಮೋನಿಯ ಹಾರುತ್ತದೆ. ನಿಮ್ಮ ಕೆಟ್ಟ ಬ್ಯಾಗುಗಳಿಗೆ ಬೂದಿಯೂ ಬೇಡ, ಅದೂ ಕ್ಷಾರವೇ.

ಅಕ್ಕಚ್ಚು (ಅಕ್ಕಿ ತೊಳೆದ ನೀರು), ಉಪ್ಪು ಹಾಕದೆ ಮೀನು ತೊಳೆದ ನೀರು ಬಸಳೆಗೆ ಒಳ್ಳೆಯದೇ, ಆಯಾ ದಿನವೇ ಹಾಕಿ. ಹೊಸ ಬ್ಯಾಗ್ ತುಂಬಿಸುವಾಗ ತೆಂಗಿನ ನಾರಿನ ಪುಡಿಯನ್ನೂ ಎರಡು ನೀರಲ್ಲಿ ತೊಳೆಯಿರಿ, ಅದರಲ್ಲೂ ಉಪ್ಪಿರುತ್ತದೆ.

ಇವತ್ತೇ ಪೈಪ್ ತೆಗೆಯಿರಿ. ನೀರು ಹಾಯಿಸಿದ ಮೇಲೆ ತಳದಿಂದ ಬಂದ ನೀರಿನ ಫೋಟೋ ಹಾಕಿ. ನೊರೆ ಇದ್ದರೆ ಇನ್ನೊಂದು ಸಲ ತೊಳೆಯಬೇಕು.