ಕಾರವಾರದಲ್ಲಿ ಕಾಲೇಜು ಕಿರುಚಿತ್ರ ಮಾಡುವಾಗ ಯಾರ ಒಪ್ಪಿಗೆ ಬೇಕು?

ಬೈತಖೋಲ ಬಂದರಿನ ಮೀನು ಮಾರುವವರ ಬಗ್ಗೆ ಕಿರುಚಿತ್ರ ಮಾಡಿ ಯೂಟ್ಯೂಬಿಗೆ ಹಾಕಬೇಕು, ಸಿನಿಮಾ ಹಾಡು ಬಳಸಬಹುದಾ ಅಂತ ಕೇಳಿದ್ದೀರಿ.

ಹತ್ತು ಸೆಕೆಂಡ್ ಬಳಸಿದರೆ ತೊಂದರೆ ಇಲ್ಲ ಅನ್ನುವ ಮಾತು ಕಾನೂನಿನಲ್ಲಿ ಎಲ್ಲೂ ಇಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್, ಕಾಲೇಜಿನಲ್ಲಿ ವಿದ್ಯಾರ್ಥಿಗಳು, ಸಿಬ್ಬಂದಿ, ಪಾಲಕರಿಗಷ್ಟೇ ತೋರಿಸುವುದಕ್ಕೆ ಸ್ವಲ್ಪ ರಿಯಾಯಿತಿ ಕೊಡುತ್ತದೆ. ಯೂಟ್ಯೂಬಿಗೆ ಅದು ಸಾಲದು. ಯಕ್ಷಗಾನದ ಪದವೂ ಅಷ್ಟೇ. ಪ್ರಸಂಗ ಎಷ್ಟೇ ಹಳೆಯದಿರಲಿ, ಹಾಡಿದ ಭಾಗವತರಿಗೆ ತಮ್ಮ ಹಾಡಿಕೆಯ ಮೇಲೆ 50 ವರ್ಷ ಹಕ್ಕಿರುತ್ತದೆ. ಊರಿನ ಭಾಗವತರೊಬ್ಬರನ್ನು ಕೇಳಿ ಹಾಡಿಸಿ, ಒಂದು ಹಾಳೆಯಲ್ಲಿ ಒಪ್ಪಿಗೆ ಬರೆಸಿಕೊಳ್ಳಿ.

ಡ್ರೋನ್ ಇದ್ದರೆ ಹುಷಾರು. ಇಲ್ಲಿ ನೌಕಾನೆಲೆ ಇದೆ. ಡ್ರೋನ್ ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡದೆ ಹಾರಿಸಬೇಡಿ, ನೆಲೆಯ ಕಡೆ ಕ್ಯಾಮೆರಾ ತಿರುಗಿಸಲೇಬೇಡಿ.

ಇದಕ್ಕಿಂತ ಜಾಸ್ತಿ ಯೋಚಿಸಬೇಕಾದದ್ದು ಜನರ ಬಗ್ಗೆ. ನಾವು ಶೂಟ್ ಮಾಡಿದಾಗ ಮೀನು ಮಾರುವ ಅಮ್ಮ ಒಬ್ಬರು ಖುಷಿಯಿಂದಲೇ ಒಪ್ಪಿದ್ದರು. ಸಂಜೆ ಫೋನಿನಲ್ಲಿ ತೋರಿಸಿದೆವು. ಸೆರಗಿನ ಗಂಟು ಬಿಚ್ಚಿ ಒದ್ದೆ ನೋಟು ಎಣಿಸುವ ದೃಶ್ಯ ಬಂದಾಗ ಅವರ ಮುಖ ಸಣ್ಣದಾಯಿತು. "ಇದೊಂದು ಬೇಡ ತಮ್ಮಾ, ಸಾಲ ಕೊಟ್ಟವರು ನೋಡ್ತಾರೆ" ಅಂದರು. ನಮ್ಮ ಚಿತ್ರದಲ್ಲೇ ಚೆಂದದ ಶಾಟ್ ಅದು. ತೆಗೆದುಬಿಟ್ಟೆವು. ಸುಮ್ನೆ ಸಹಿ ಹಾಕಿಸಿಕೊಂಡರೆ ಇದು ಗೊತ್ತಾಗುತ್ತಿತ್ತಾ?

ಅದಕ್ಕೇ ಎರಡು ಸಲ ಕೇಳಿ, ಶೂಟಿಂಗ್‌ಗೆ ಮೊದಲು ಮತ್ತು ಎಡಿಟ್ ಆದಮೇಲೆ. ಕೊಂಕಣಿ ಮಾತಾಡುವವರಾದರೆ ಕೊಂಕಣಿಯಲ್ಲೇ ವಿವರಿಸಿ. 18 ವರ್ಷದೊಳಗಿನ ಮಕ್ಕಳಿದ್ದರೆ ಪಾಲಕರ ಸಹಿಯನ್ನೂ ಪಡೆಯಿರಿ.