ಬೆಳ್ಳಿ ಬಳಿದರೆ ಬೂದಿ ಆಗುತ್ತದೆ, ಯಾಕೆ?

ಪ್ರಶ್ನೆ: 1/72 ಅಳತೆಯ ಮಿಗ್-21 ಮಾಡೆಲ್‌ಗೆ ಮ್ಯಾಟ್ (ಹೊಳಪು ಕಡಿಮೆ ಇರುವ) ಅಲ್ಯೂಮಿನಿಯಂ ಅಕ್ರಿಲಿಕ್ ಬಣ್ಣ ಬಳಿದೆ. ರೆಕ್ಕೆಯ ಒಂದು ಕಡೆ ಬೆಳ್ಳಿ, ಇನ್ನೊಂದು ಕಡೆ ಬರೀ ಬೂದಿ. ಬ್ರಷ್ ಗೆರೆ ಬೇರೆ ಎದ್ದು ಕಾಣುತ್ತದೆ. ಏನು ಮಾಡಲಿ?
— ಓದುಗರು, ಕುಂಬಳೆ, ಕಾಸರಗೋಡು

ಉತ್ತರ: ನಿಮ್ಮ ಬೆಳ್ಳಿ ಇನ್ನೂ ಬಾಟಲಿಯ ತಳದಲ್ಲೇ ಇದೆ! ಲೋಹದಂತೆ ಹೊಳೆಯುವ ಪುಡಿ ಭಾರ, ಬೇಗ ಕೆಳಗಿಳಿಯುತ್ತದೆ. ಸುಮ್ನೆ ಅಲುಗಿಸಿದರೆ ಸಾಲದು, ಕಡ್ಡಿ ಹಾಕಿ ತಳದಲ್ಲಿ ಅಂಟಿದ್ದನ್ನು ಕೆದಕಿ ಚೆನ್ನಾಗಿ ಕಲಸಬೇಕು, ಬಳಿಯುವಾಗಲೂ ನಡುನಡುವೆ ಕಲಸುತ್ತಿರಬೇಕು.

ಆ ಪುಡಿ ಬ್ರಷ್ ಹೋದ ದಿಕ್ಕಿಗೇ ಸಾಲಾಗಿ ಮಲಗುತ್ತದೆ, ಗೆರೆ ಕಾಣುವುದು ಅದಕ್ಕೇ. ಅಗಲದ ಮೆತ್ತನೆ ಬ್ರಷ್ ತಗೊಂಡು, ತೆಳುವಾಗಿ, ಒಂದೇ ದಿಕ್ಕಿಗೆ ಎಳೆಯಿರಿ. ಅರ್ಧ ಒಣಗಿದ ಜಾಗವನ್ನು ಮತ್ತೆ ಮುಟ್ಟಲೇಬೇಡಿ. ತಾಮಿಯಾ ಕಂಪನಿಯ ಎಕ್ಸ್‌ಎಫ್-16 ಥರದ ಅಲ್ಯೂಮಿನಿಯಂ ಬಣ್ಣ ತುಂಬಾ ಬೇಗ ಒಣಗುತ್ತದೆ, ಒಣಗುವುದನ್ನು ನಿಧಾನ ಮಾಡುವ ರಿಟಾರ್ಡರ್ ಸ್ವಲ್ಪ ಸೇರಿಸಿದರೆ ಕೈಗೆ ಬಿಡುವು ಸಿಗುತ್ತದೆ. ಗಾಳಿಯಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್ ಇದ್ದರೆ ಇನ್ನೂ ಒಳ್ಳೆಯದು.

ನಮ್ಮ ಕರಾವಳಿಯ ಮಳೆಗಾಲದಲ್ಲಿ ಅವಸರ ಬೇಡವೇ ಬೇಡ. ಒಂದು ಕೋಟ್ ಪೂರ್ತಿ ಒಣಗಿದ ಮೇಲೇ ಇನ್ನೊಂದು. ಮತ್ತೆ, ಮೇಲಿನಿಂದ ಮ್ಯಾಟ್ ವಾರ್ನಿಷ್ ಹೊಡೆಯುವ ಆಸೆ ಆಗುತ್ತದೆ ಅಲ್ವಾ? ಮೊದಲು ಒಂದು ಹಳೇ ಪ್ಲಾಸ್ಟಿಕ್ ಚಮಚದ ಮೇಲೆ ಪ್ರಯೋಗ ಮಾಡಿ, ಜಾಸ್ತಿ ಆದರೆ ಲೋಹದ ಕಳೆಯೇ ಹೋಗುತ್ತದೆ.