ಎಂಡೊಮೆಟ್ರಿಯೋಸಿಸ್ ನೋವಿಗೆ ಮಾತ್ರೆ ಸಾಕಾ, ಆಪರೇಷನ್ನೇ ಬೇಕಾ?

ಗರ್ಭಕೋಶದ ಒಳಪದರದಂಥ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆಯುವ ರೋಗವೇ ಎಂಡೊಮೆಟ್ರಿಯೋಸಿಸ್. ಎಂಟು ವರ್ಷದಿಂದ ಕಿಬ್ಬೊಟ್ಟೆ ನೋವು, ಒಬ್ಬ ಡಾಕ್ಟರು ಮಾತ್ರೆ ಅಂತಾರೆ, ಇನ್ನೊಬ್ಬರು ಲ್ಯಾಪ್ರೋಸ್ಕೋಪಿ (ಸಣ್ಣ ತೂತುಗಳ ಮೂಲಕ ಕ್ಯಾಮೆರಾ ಹಾಕಿ ಮಾಡುವ ಆಪರೇಷನ್) ಅಂತಾರೆ ಎಂದು ಬರೆದಿದ್ದೀರಿ. ನನ್ನ ಮೊದಲ ಪ್ರಶ್ನೆ: ಸದ್ಯಕ್ಕೆ ಮಗು ಬೇಕಾ?

ಬೇಡ ಅಂದ್ರೆ ಸಾಮಾನ್ಯವಾಗಿ ಮಾತ್ರೆಯಿಂದ ಶುರು ಮಾಡುವುದೇ ಮೇಲು. ದಿನಕ್ಕೊಂದು 2 ಮಿ.ಗ್ರಾಂ. ಡೈನೋಜೆಸ್ಟ್ ಎಂಬ ಹಾರ್ಮೋನು ಮಾತ್ರೆ ಅಥವಾ ಗರ್ಭನಿರೋಧಕ ಮಾತ್ರೆ. ಡೈನೋಜೆಸ್ಟ್ ಶುರುವಾದ ಮೊದಲ ಕೆಲವು ತಿಂಗಳು ಹೇಳದೆ ಕೇಳದೆ ರಕ್ತದ ಕಲೆ ಕಾಣಬಹುದು. ಬ್ಯಾಗಿನಲ್ಲಿ ಪ್ಯಾಡ್ ಇಟ್ಟುಕೊಂಡೇ ಓಡಾಡಿ. ಮಾತ್ರೆ ಕೆಲಸ ಮಾಡ್ತಿಲ್ಲ ಅಂತ ಅಲ್ಲಿಗೇ ನಿಲ್ಲಿಸಬೇಡಿ. ಆದರೆ ಮನಸ್ಸು ತೀರಾ ಕುಗ್ಗಿದರೆ ಡಾಕ್ಟರಿಗೆ ಹೇಳಲೇಬೇಕು.

ಮಗು ಬೇಕು ಅಂದ್ರೆ ಲೆಕ್ಕ ಬೇರೆ. ಈ ಮಾತ್ರೆಗಳಲ್ಲಿನ ಹಾರ್ಮೋನುಗಳು ಅಂಡ ಬಿಡುಗಡೆಯನ್ನೇ ತಡೆಯುತ್ತವೆ. ಆಗ ಆಪರೇಷನ್ ಅಥವಾ ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಮಾತು ಬರುತ್ತದೆ. ಅಂಡಾಶಯದಲ್ಲಿ ಚಾಕೊಲೇಟ್ ಸಿಸ್ಟ್ (ಈ ರೋಗದಿಂದ ಆಗುವ, ಹಳೆಯ ರಕ್ತ ತುಂಬಿದ ಗುಳ್ಳೆ) ಇದ್ದರೆ ಸ್ವಲ್ಪ ತಡೆಯಿರಿ. ಅದನ್ನು ತೆಗೆಯುವಾಗ ಒಳ್ಳೆಯ ಅಂಡಗಳೂ ಹೋಗಬಹುದು. ಮೊದಲು ಎಷ್ಟು ಅಂಡ ಉಳಿದಿವೆ ಎಂದು ಅಂದಾಜು ಕೊಡುವ ಎಎಂಎಚ್ ರಕ್ತಪರೀಕ್ಷೆ ಮಾಡಿಸಿಕೊಳ್ಳಿ.

ಆಪರೇಷನ್ ಆದ ಮೇಲೂ ನೋವು ಮರಳಬಹುದು. 'ಗರ್ಭಕೋಶವನ್ನೇ ತೆಗೆಸಿಬಿಡಿ' ಅನ್ನುವವರು ಸಿಗ್ತಾರೆ. ರೋಗ ಇರುವುದು ಗರ್ಭಕೋಶದ ಹೊರಗೆ ಅಲ್ವಾ, ಅದು ಉಳಿದರೆ ನೋವೂ ಉಳಿಯಬಹುದು. 'ಮದುವೆ ಆದ್ರೆ ಸರಿಹೋಗುತ್ತೆ' ಅನ್ನುವುದಂತೂ ಸುಮ್ನೆ ಮಾತು.

ಹೆಚ್ಚಿನವರು ಮರೆಯುವುದು ಫಿಸಿಯೋಥೆರಪಿ. ವರ್ಷಗಟ್ಟಲೆ ನೋವು ತಿಂದು ಕಿಬ್ಬೊಟ್ಟೆಯ ತಳದ ಸ್ನಾಯುಗಳು ಬಿಗಿದುಕೊಂಡಿರಬಹುದು. ಅವನ್ನು ಸಡಿಲಿಸುವುದು ಮಾತ್ರೆಯ ಕೈಲಿ ಆಗಲ್ಲ.